ನಿಮಗೆ ನೀವೇ ‘ಹೋಗ್ಲಿ ಬಿಡು’ ಅಂತ ಕೊನೇ ಸಲ ಯಾವಾಗ ಹೇಳ್ಕೊಂಡ್ರಿ?

ಎರಡು ವರ್ಷದ ಹಿಂದೆ, ಒಂದು ಭಾನುವಾರ ಸಂಜೆ. ಒಲೆ ಮೇಲೆ ಹಾಲಿಟ್ಟು ಕಿಟಕಿ ಹತ್ರ ನಿಂತಿದ್ದೆ. ಏನು ನೋಡ್ತಿದ್ದೆ ಅಂದ್ರೆ ನನಗೇ ಗೊತ್ತಿಲ್ಲ. ಸುಂಯ್ ಅಂತ ಶಬ್ದ ಬಂತು. ತಿರುಗಿ ನೋಡಿದ್ರೆ ಹಾಲು ಉಕ್ಕಿ, ಬರ್ನರ್ ಆರಿ, ಅಡುಗೆ ಕಟ್ಟೆಯಿಂದ ಇಳಿದು ನೆಲಕ್ಕೆ ಬಂದಿತ್ತು. ಅರ್ಧ ಲೀಟರ್ ಹಾಲು. ಆಗಿದ್ದು ಅಷ್ಟೇ.

ಬಟ್ಟೆ ತಗೊಂಡು ಒರೆಸೋಕೆ ಕೂತೆ. ಆಗ ತಲೆಯೊಳಗೆ ಏನಾಯ್ತು ಅನ್ನೋದನ್ನ ಹೇಳ್ತೀನಿ, ಇವತ್ತಿನ ಮಾತೆಲ್ಲ ಅದರದ್ದೇ. ‘ಒಂದು ಹಾಲು ಕಾಯಿಸೋಕೂ ಬರಲ್ಲ ನಿನಗೆ.’ ಆಮೇಲೆ, ‘ಯಾವುದರ ಮೇಲೂ ಗಮನ ಇಲ್ಲ.’ ಆಮೇಲೆ, ‘ಆಫೀಸಲ್ಲೂ ಹಿಂಗೇ, ಅದಕ್ಕೇ ಜೊತೆಯವರೆಲ್ಲ ಮುಂದೆ ಹೋದ್ರು.’ ಆಮೇಲೆ, ‘ಮಗಳನ್ನ ನೆಟ್ಟಗೆ ನೋಡ್ಕೊಳ್ತಿದೀಯಾ?’ ನೆಲ ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ‘ನಾನಿದ್ದು ಯಾರಿಗೆ ಏನು ಪ್ರಯೋಜನ’ ಅನ್ನೋ ಕಡೆ ಬಂದು ನಿಂತಿದ್ದೆ. ಹಾಲಿನಿಂದ ಹೊರಟು ಅಲ್ಲಿಗೆ ತಲುಪೋಕೆ ಎರಡು ನಿಮಿಷ ಸಾಕಾಯ್ತು.

ಮಾರನೇ ದಿನ ಬೆಳಿಗ್ಗೆ, ಮನೆಗೆಲಸಕ್ಕೆ ಬರೋ ಅಕ್ಕನ ಕೈಜಾರಿ ಸಕ್ಕರೆ ಡಬ್ಬ ಬಿತ್ತು. ಒಂದು ಕೇಜಿ ಸಕ್ಕರೆ ಅಡುಗೆಮನೆ ತುಂಬಾ. ಅಕ್ಕನ ಮುಖ ಸಪ್ಪಗಾಯ್ತು. ನನ್ನ ಬಾಯಿಂದ ತಾನಾಗೇ ಬಂತು: ‘ಅಯ್ಯೋ ಹೋಗ್ಲಿ ಬಿಡಿ ಅಕ್ಕ. ಕಾಲ ಮೇಲೆ ಬೀಳಲಿಲ್ಲ ತಾನೆ?’

ಹೇಳಿದವಳು ಪೊರಕೆ ಹಿಡ್ಕೊಂಡು ಹಾಗೇ ನಿಂತುಬಿಟ್ಟೆ. ಇದೇ ಅಡುಗೆಮನೆ, ಹೆಚ್ಚೂಕಡಿಮೆ ಇದೇ ತಪ್ಪು. ಅವರಿಗೆ ‘ಹೋಗ್ಲಿ ಬಿಡಿ’. ನನಗೆ?

ನಾವು ಕನ್ನಡದಲ್ಲಿ ದಿನಕ್ಕೆ ಎಷ್ಟು ಸಲ ಈ ಮಾತು ಆಡ್ತೀವಿ ಯೋಚನೆ ಮಾಡಿ. ಪಕ್ಕದ ಮನೆ ಹುಡುಗನಿಗೆ ಮಾರ್ಕ್ಸ್ ಕಡಿಮೆ ಬಂದ್ರೆ, ಗೆಳತಿಗೆ ಕೆಲಸ ಸಿಗದೇ ಹೋದ್ರೆ, ಬಸ್ಸಲ್ಲಿ ಯಾರೋ ಕಾಲು ತುಳಿದ್ರೂ ‘ಇರ್ಲಿ ಬಿಡಿ’ ಅಂತೀವಿ. ಇಷ್ಟು ಧಾರಾಳವಾಗಿ ಹಂಚೋ ಮಾತು ನಮ್ಮ ಸರದಿ ಬಂದಾಗ ಬಾಯಿಗೇ ಬರಲ್ಲ. ಮನಸ್ಸು ಕುಗ್ಗಿದಾಗ ನಮ್ಮನ್ನ ನೆಲಕ್ಕೆ ಒತ್ತೋದು ಆ ಬೇಜಾರಿಗಿಂತ ಹೆಚ್ಚಾಗಿ ಅದರ ಬೆನ್ನಿಗೇ ನಾವು ನಮಗೆ ಬೈಕೊಳ್ಳೋ ಬೈಗುಳ. ಬೇಜಾರು ಬಂದೇ ಬರತ್ತೆ, ಅದನ್ನ ತಡೆಯೋಕಾಗಲ್ಲ. ಬೈಗುಳವನ್ನ ಹಿಡಿಯಬಹುದು.

ನಮ್ಮಜ್ಜಿ ಅದಕ್ಕೆ ‘ಕೊರಗು’ ಅಂತಿದ್ರು. ‘ಕೊರಗಬೇಡ ಮಗಾ, ಕೊರಗಿದ್ರೆ ರಕ್ತ ಸುಡತ್ತೆ.’ ಕೊರಗಿನ ಬಗ್ಗೆ ಒಂದು ಅಧ್ಯಯನ ಇದೆ, ನನಗೆ ಬಹಳ ಮುಖ್ಯ ಅನ್ಸತ್ತೆ. ಅಮೆರಿಕದ ಮನೋವಿಜ್ಞಾನಿ ಸೂಸನ್ ನೋಲೆನ್-ಹೊಕ್ಸೆಮಾ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನ ಪ್ರಶ್ನೆ ಕೇಳಿ ಒಂದು ವಿಷಯ ಬರೆದಿಟ್ಟುಕೊಂಡಿದ್ರು: ಬೇಜಾರಾದಾಗ ನೀವು ಏನು ಮಾಡ್ತೀರಿ, ಅದನ್ನೇ ತಿರುಗಿಸಿ ಮುರುಗಿಸಿ ಯೋಚಿಸ್ತೀರಾ? ಅದಾಗಿ ಎರಡು ವಾರಕ್ಕೆ, 1989ರ ಅಕ್ಟೋಬರ್ 17ರಂದು, ಆ ಭಾಗದಲ್ಲಿ ದೊಡ್ಡ ಭೂಕಂಪ ಆಯ್ತು. ಎಲ್ಲರೂ ನಡುಗಿದ ಅದೇ ನೆಲದ ಮೇಲೆ ಇದ್ದವರು. ಆದರೆ ಮೊದಲಿಂದಲೂ ಕೊರಗೋ ಅಭ್ಯಾಸ ಇದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಕಂಡವು, ಏಳು ವಾರ ಕಳೆದ ಮೇಲೂ.

ಸರಿ, ಕೊರಗಬೇಡ ಅಂದಾಕ್ಷಣ ಕೊರಗು ನಿಲ್ಲತ್ತಾ? ನಿಲ್ಲಲ್ಲ. ಅಜ್ಜಿ ಹೇಳಿದ್ದರಲ್ಲಿ ಪ್ರೀತಿ ಇತ್ತು, ದಾರಿ ಇರಲಿಲ್ಲ. ಮೈಂಡ್‌ಫುಲ್‌ನೆಸ್ ಅನ್ನೋದು ನನಗೆ ಬೇಕಾದದ್ದು ಇಲ್ಲಿ.

ಈ ಪದ ಕೇಳಿದ್ರೆ ಎಷ್ಟೋ ಜನಕ್ಕೆ ದೂರದ್ದು ಅನ್ಸತ್ತೆ. ನಮ್ಮ ಕಡೆ ಮದುವೆ ಮಂಟಪದಲ್ಲಿ ಪುರೋಹಿತರು ‘ಸುಮುಹೂರ್ತೇ ಸಾವಧಾನ’ ಅಂತಾರಲ್ಲ, ಆ ಸಾವಧಾನವೇ ಇದು. ಅವಧಾನ ಅಂದ್ರೆ ಗಮನ. ಈ ಗಳಿಗೆ ನಡೀತಾ ಇದೆ, ಮನಸ್ಸು ಇಲ್ಲೇ ಇರಲಿ. ಬುದ್ಧನ ಕಾಲದಿಂದ ಬಂದ ಈ ಅಭ್ಯಾಸವನ್ನ ಅಮೆರಿಕದ ವಿಜ್ಞಾನಿ ಜಾನ್ ಕಬಟ್-ಝಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಆಸ್ಪತ್ರೆಗೆ ತಂದ್ರು, ವಾಸಿಯಾಗದ ನೋವಿರೋ ರೋಗಿಗಳಿಗೋಸ್ಕರ. ಆಮೇಲೆ ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಅನ್ನೋ ಮೂವರು ಮನೋವಿಜ್ಞಾನಿಗಳು ಅದನ್ನ ಖಿನ್ನತೆಗೆ ಹೊಂದಿಸಿ ಎಂಟು ವಾರದ ತರಗತಿ ಮಾಡಿದ್ರು.

ಅವರ ಯೋಚನೆ ಕೇಳಿದಾಗ ನನಗೆ ನನ್ನ ಹಾಲಿನ ಪಾತ್ರೆ ನೆನಪಾಯ್ತು. ಹಲವು ಸಲ ಖಿನ್ನತೆಗೆ ಬಿದ್ದು ಎದ್ದವರ ಮನಸ್ಸಲ್ಲಿ ಸಣ್ಣ ಬೇಜಾರಿಗೂ ಹಳೇ ಯೋಚನೆಗಳಿಗೂ ನಡುವೆ ದಾರಿ ಸವೆದಿರತ್ತೆ. ಗದ್ದೆ ಬದುವಿನ ಮೇಲೆ ನಡೆದೂ ನಡೆದೂ ಕಾಲುದಾರಿ ಆಗತ್ತಲ್ಲ, ಹಾಗೆ. ಚೂರು ಬೇಜಾರಾದ್ರೆ ಸಾಕು, ಕಾಲು ತಾನಾಗೇ ಅದೇ ದಾರಿ ಹಿಡಿಯತ್ತೆ. 2000ನೇ ಇಸವಿಯಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 145 ಜನ ಇದ್ರು. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಅನುಭವಿಸಿದವರಲ್ಲಿ, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರ ಪೈಕಿ ನೂರಕ್ಕೆ 66 ಜನಕ್ಕೆ ಸುಮಾರು ಒಂದು ವರ್ಷದೊಳಗೆ ಮರುಕಳಿಸ್ತು. ಜೊತೆಗೆ ಈ ತರಗತಿಗೂ ಹೋದವರಲ್ಲಿ ಅದು 37ಕ್ಕೆ ಇಳೀತು. ಎರಡೇ ಸಲ ಬಿದ್ದವರಲ್ಲಿ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ದಾರಿ ಎಷ್ಟು ಸವೆದಿದೆಯೋ ಅಷ್ಟು ಇದರ ಉಪಯೋಗ ಅಂತ ನಾನು ಅರ್ಥ ಮಾಡ್ಕೊಂಡಿದೀನಿ.

ಆ ತರಗತಿಯಲ್ಲಿ ಕಲಿಸೋ ಒಂದು ಅಭ್ಯಾಸಕ್ಕೆ ಮೂರೇ ನಿಮಿಷ. ನಾನು ಪಾತ್ರೆ ತೊಳೆಯೋ ಸಿಂಕ್ ಮುಂದೆ ನಿಂತೇ ಮಾಡ್ತೀನಿ. ಮೊದಲು, ಈಗ ಒಳಗೆ ಏನು ನಡೀತಿದೆ ಅಂತ ನೋಡೋದು. ‘ಎದೆ ಭಾರ ಇದೆ. ಗಂಟಲು ಬಿಗಿದಿದೆ. ಬೈಗುಳ ಶುರುವಾಗಿದೆ.’ ಅದನ್ನ ಓಡಿಸೋಕೆ ಹೋಗಲ್ಲ. ಆಮೇಲೆ ಉಸಿರು ಒಳಗೆ ಬರೋದು, ಹೊರಗೆ ಹೋಗೋದು, ಅದೊಂದರ ಮೇಲೆ ಗಮನ. ಕೊನೆಗೆ ಇಡೀ ಮೈ: ನೀರಿನ ತಣುಪು, ಅಂಗೈಯ ಸೋಪಿನ ನುಣುಪು, ನೆಲಕ್ಕೆ ಊರಿದ ಎರಡು ಪಾದ. ಮನಸ್ಸು ನಡುವೆ ಹತ್ತು ಸಲ ಓಡಿಹೋಗತ್ತೆ, ಹತ್ತು ಸಲವೂ ಕರ್ಕೊಂಡು ಬರೋದು. ಓಡಿಹೋಯ್ತು ಅಂತ ಗೊತ್ತಾಗೋದೇ ಅಭ್ಯಾಸ. ‘ನನಗೆ ಧ್ಯಾನ ಮಾಡೋಕೂ ಬರಲ್ಲ’ ಅಂತ ಅಲ್ಲೂ ಬೈಕೊಳ್ಳೋರಿದ್ದಾರೆ. ದಯವಿಟ್ಟು ಬೇಡ. ಇದು ಪರೀಕ್ಷೆ ಅಲ್ಲ.

ಕೆಲವರಿಗೆ, ಅದರಲ್ಲೂ ಹಳೇ ಆಘಾತ ಇರೋರಿಗೆ, ಕಣ್ಮುಚ್ಚಿ ಕೂತ್ರೆ ಸಂಕಟ ಹೆಚ್ಚಾಗಬಹುದು. ಹಾಗಾದ್ರೆ ಕಣ್ಣು ತೆರೆದಿಡಿ, ಪಾದದ ಮೇಲೆ ಗಮನ ಇಡಿ, ಸಾಕಾಯ್ತು ಅನ್ಸಿದ್ರೆ ಎದ್ದುಬಿಡಿ.

ಈಗ ‘ಹೋಗ್ಲಿ ಬಿಡು’ಗೆ ಬರ್ತೀನಿ. ಈ ಮಾತಿಂದ ನೋವಾಗಿರೋರೂ ಇದ್ದಾರೆ. ಒಬ್ಬರು ಕಷ್ಟ ಹೇಳ್ಕೊಳ್ಳೋಕೆ ಬಾಯಿ ತೆರೆಯೋಷ್ಟರಲ್ಲಿ ‘ಹೋಗ್ಲಿ ಬಿಡು, ತಲೆ ಕೆಡಿಸ್ಕೋಬೇಡ’ ಅಂದುಬಿಟ್ರೆ ಅದು ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಹಾಗಾಗಿ ಇದಕ್ಕೊಂದು ಕ್ರಮ ಇದೆ. ಮೊದಲು ‘ಹೌದು, ಕಷ್ಟ ಆಗ್ತಿದೆ.’ ಆಮೇಲೆ ‘ನನ್ನೊಬ್ಬಳಿಗೇ ಅಲ್ಲ, ಮನುಷ್ಯರಾದ ಮೇಲೆ ಎಲ್ಲರಿಗೂ ಆಗತ್ತೆ.’ ಅದಾದ ಮೇಲೆ ‘ಹೋಗ್ಲಿ ಬಿಡು.’ ಟೆಕ್ಸಾಸ್‌ನ ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ 2003ರಿಂದ ಈ ಸ್ವ-ಕರುಣೆಯನ್ನ ಅಧ್ಯಯನ ಮಾಡ್ತಾ ಹೇಳ್ತಿರೋ ಮೂರು ಭಾಗಗಳೂ ಇವೇ: ಇರೋದನ್ನ ಇದ್ದ ಹಾಗೆ ಗಮನಿಸೋದು, ಇದು ಎಲ್ಲರ ಪಾಡು ಅಂತ ತಿಳಿಯೋದು, ತನ್ನ ಮೇಲೆ ದಯೆ ಇಡೋದು. ನಮ್ಮಲ್ಲಿ ಇದಕ್ಕೆ ‘ಸಂತೈಸು’ ಅನ್ನೋ ಎಷ್ಟು ಒಳ್ಳೇ ಮಾತಿದೆ. ಮಗುವನ್ನ ಸಂತೈಸೋರು ಮಗು ಅಳ್ತಿದೆ ಅನ್ನೋದನ್ನ ಮೊದಲು ಒಪ್ಪಿರ್ತಾರೆ, ಎತ್ಕೊಂಡಿರ್ತಾರೆ.

‘ಹಿಂಗೆ ಮುದ್ದು ಮಾಡ್ಕೊಂಡ್ರೆ ಸೋಮಾರಿ ಆಗಲ್ವಾ?’ ಅಂತ ನನ್ನನ್ನ ಸುಮಾರು ಜನ ಕೇಳಿದ್ದಾರೆ. ‘ಬೈದ್ರೇನೇ ಬುದ್ಧಿ ಬರೋದು’ ಅಂತ ಕೇಳಿಸ್ಕೊಂಡು ಬೆಳೆದವರು ನಾವು. 2012ರಲ್ಲಿ ಅಮೆರಿಕದ ಬರ್ಕಲಿ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು ಇದನ್ನೇ ಪರೀಕ್ಷಿಸಿದ್ರು. ಕಷ್ಟದ ಪರೀಕ್ಷೆಯಲ್ಲಿ ಎಡವಿದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ತಮ್ಮ ಮೇಲೆ ಕರುಣೆ ಇಟ್ಕೊಳ್ಳಿ ಅಂತ ಹೇಳಿದ್ರು. ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದವರು ಅವರೇ. ನನಗಿದು ಆಶ್ಚರ್ಯ ಅಲ್ಲ. ಬೈಸಿಕೊಂಡ ಮಗು ಪುಸ್ತಕ ಮುಚ್ಚಿಟ್ಟು ಮೂಲೆ ಸೇರೋದನ್ನ ನನ್ನ ಮನೆಯಲ್ಲೇ ನೋಡಿದೀನಿ. ಬೈದವಳೂ ನಾನೇ.

ಇನ್ನು, ಇದನ್ನ ಕೇಳಿ ಯಾರೂ ಖಿನ್ನತೆಯ ಮಾತ್ರೆ ನಿಲ್ಲಿಸಬೇಡಿ. 2015ರಲ್ಲಿ ಬ್ರಿಟನ್‌ನಲ್ಲಿ 424 ಜನರ ಮೇಲೆ ನಡೆದ ಅಧ್ಯಯನದಲ್ಲಿ ಈ ಎಂಟು ವಾರದ ಪದ್ಧತಿಗೂ ಮಾತ್ರೆ ಮುಂದುವರಿಸೋದಕ್ಕೂ ಎರಡು ವರ್ಷದ ಫಲಿತಾಂಶ ಹೆಚ್ಚೂಕಡಿಮೆ ಒಂದೇ ಬಂತು, ಆದರೆ ಅಲ್ಲಿ ಮಾತ್ರೆ ಕಡಿಮೆ ಮಾಡಿದ್ದು ವೈದ್ಯರ ಉಸ್ತುವಾರಿಯಲ್ಲಿ, ಹಂತಹಂತವಾಗಿ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮಂಕು ಕವಿದಿದ್ರೆ, ನಿದ್ದೆ ಊಟ ತಪ್ಪಿದ್ರೆ, ಇಷ್ಟದ ಯಾವುದೂ ಬೇಡ ಅನ್ಸಿದ್ರೆ ವೈದ್ಯರನ್ನ ನೋಡಬೇಕು. ಸಾಯೋ ಯೋಚನೆ ಬಂದಿದ್ರೆ ಎರಡು ವಾರ ಕಾಯೋದೂ ಬೇಡ, ಇವತ್ತೇ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ನಂಬರ್ 14416. ಇಪ್ಪತ್ನಾಲ್ಕು ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸೋದರಮಾವ ತೀರ್ಕೊಂಡ ಮೇಲೆ ನಮ್ಮಮ್ಮ ಫೋನ್ ಮಾಡಿದಾಗೆಲ್ಲ ‘ಯಾಕೋ ಮನಸ್ಸಿಗೆ ಸರಿ ಇಲ್ಲ ಕಣೇ’ ಅಂತಿದ್ರು. ನಾನು ‘ದೇವಸ್ಥಾನಕ್ಕೆ ಹೋಗ್ಬಾ, ಟಿವಿ ನೋಡು’ ಅಂತಿದ್ದೆ. ಒಂದು ದಿನ ಸುಮ್ಮನೆ ‘ಹೌದಾ ಅಮ್ಮ, ಏನನ್ಸತ್ತೆ ಹೇಳು’ ಅಂದೆ. ನಲವತ್ತು ನಿಮಿಷ ಮಾತಾಡಿದ್ರು. ಆಸ್ಪತ್ರೆಗೆ ಬೇಗ ಕರ್ಕೊಂಡು ಹೋಗಬೇಕಿತ್ತು, ತನ್ನದೇ ತಪ್ಪು ಅಂತ ಅಷ್ಟೂ ತಿಂಗಳು ತಮಗೆ ತಾವೇ ಬೈಕೊಳ್ತಾ ಇದ್ರು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಫ್ರಿಜ್ ಮೇಲೆ ಗ್ಯಾಸ್‌ನವರ ನಂಬರ್, ಹಾಲಿನವನ ನಂಬರ್, ಲೈನ್‌ಮನ್ ನಂಬರ್ ಬರೆದ ಒಂದು ಚೀಟಿ ಅಂಟಿಸಿದಾರೆ. ಎಲ್ಲಕ್ಕಿಂತ ಕೆಳಗೆ, ಬೇರೆ ಪೆನ್ನಲ್ಲಿ, ಅಮ್ಮನ ಗುಂಡು ಅಕ್ಷರ: ‘ಮನಸ್ಸಿಗೆ, 14416.’