ಸೋತವರ ಒಪ್ಪಿಗೆ

ಕೇಳುಗರಿಗೆ ನಮಸ್ಕಾರ.

ಬೆಲ್ಜಿಯಂ ದೇಶದಲ್ಲಿ 2010ರ ಜೂನ್ ತಿಂಗಳಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ; ಡಚ್ ಭಾಷಿಕರ ಪಕ್ಷಗಳಿಗೂ ಫ್ರೆಂಚ್ ಭಾಷಿಕರ ಪಕ್ಷಗಳಿಗೂ ಹೊಂದಾಣಿಕೆ ಕುದುರಲಿಲ್ಲ. ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸುವಷ್ಟರಲ್ಲಿ 541 ದಿನಗಳು ಕಳೆದಿದ್ದವು. ಅಷ್ಟು ಕಾಲವೂ ಹಂಗಾಮಿ ಸರ್ಕಾರವೇ ಆಡಳಿತ ನೋಡಿಕೊಂಡಿತು. ನ್ಯಾಯಾಲಯಗಳು ನಡೆದವು, ರೈಲುಗಳು ಓಡಿದವು, ಪಿಂಚಣಿ ಕೈಸೇರಿತು. ಜನ ಗೇಲಿ ಮಾಡಿದರು, ರೋಸಿಹೋಗಿ ಮೆರವಣಿಗೆಯನ್ನೂ ಹೊರಡಿಸಿದರು. ಆದರೆ ಯಾರೂ ಬಂದೂಕು ಹಿಡಿಯಲಿಲ್ಲ.

ಪ್ರಜಾಪ್ರಭುತ್ವವು ಸಮಾಜಕ್ಕೆ ಸ್ಥಿರತೆ ತರುತ್ತದೆಯೇ ಎಂದು ಕೇಳುವಾಗ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿರುತ್ತೇವೆ. ಸರ್ಕಾರದ ಸ್ಥಿರತೆ ಒಂದು, ಸಮಾಜದ ಸ್ಥಿರತೆ ಇನ್ನೊಂದು. ಇಟಲಿಯಲ್ಲಿ 1946ರಿಂದ ಈಚೆಗೆ ಅರುವತ್ತಕ್ಕೂ ಹೆಚ್ಚು ಸರ್ಕಾರಗಳು ಬಂದು ಹೋಗಿವೆ. ಗಣರಾಜ್ಯ ಮಾತ್ರ ಅದೇ ಇದೆ. ಇದಕ್ಕೆ ತದ್ವಿರುದ್ಧವಾಗಿ, ಟ್ಯುನೀಷಿಯಾವನ್ನು 23 ವರ್ಷ ಆಳಿದ ಬೆನ್ ಅಲಿ 2009ರ ಚುನಾವಣೆಯಲ್ಲಿ ನೂರಕ್ಕೆ 89ಕ್ಕೂ ಹೆಚ್ಚು ಮತ ಪಡೆದರೆಂದು ಅಧಿಕೃತವಾಗಿ ಘೋಷಿಸಲಾಗಿತ್ತು. ಹದಿನೈದು ತಿಂಗಳೊಳಗೆ, 2011ರ ಜನವರಿಯಲ್ಲಿ, ಅವರು ದೇಶ ಬಿಟ್ಟು ಓಡಬೇಕಾಯಿತು. ಅದರ ಮರುತಿಂಗಳೇ ಈಜಿಪ್ಟಿನಲ್ಲಿ ಮೂವತ್ತು ವರ್ಷಗಳ ಮುಬಾರಕ್ ಆಳ್ವಿಕೆ ಹದಿನೆಂಟು ದಿನಗಳ ಪ್ರತಿಭಟನೆಗೆ ಕುಸಿಯಿತು. ಇಂಥ ಆಳ್ವಿಕೆಯಲ್ಲಿ ಹೊರಗಿನಿಂದ ಕಾಣುವ ಶಾಂತಿ ಹಲವೊಮ್ಮೆ ಭಯದ ಮೌನ ಮಾತ್ರ. ಜನ ಮನಸ್ಸಿನಲ್ಲಿರುವುದನ್ನು ಬಾಯಲ್ಲಿ ಆಡುವುದಿಲ್ಲವಾದ್ದರಿಂದ ನೆಲ ಎಲ್ಲಿ ಕುಸಿಯುತ್ತಿದೆ ಎಂಬುದು ಆಳುವವನಿಗೇ ತಿಳಿಯುವುದಿಲ್ಲ; ಪಕ್ಕದವನೂ ತನ್ನಂತೆಯೇ ಯೋಚಿಸುತ್ತಿದ್ದಾನೆ ಎಂಬುದು ಪ್ರಜೆಗಳಿಗೂ ತಿಳಿಯುವುದಿಲ್ಲ, ತಿಳಿದ ದಿನ ಎಲ್ಲವೂ ಒಮ್ಮೆಲೇ ಮುರಿದು ಬೀಳುತ್ತದೆ.

ಹಾಗಾದರೆ ಚುನಾವಣೆಯೊಂದಿದ್ದರೆ ಸಾಕೇ? ಸಾಲದು. ಚುನಾವಣೆಯ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಗೆದ್ದವರನ್ನೇ ನೋಡುತ್ತಾರೆ. ಸ್ಥಿರತೆಯ ದೃಷ್ಟಿಯಿಂದ ನೋಡಬೇಕಾದದ್ದು ಸೋತವರನ್ನು ಎಂಬುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ 1800ರ ಚುನಾವಣೆಯಲ್ಲಿ ಸೋತ ಜಾನ್ ಆಡಮ್ಸ್, ಬದ್ಧ ಎದುರಾಳಿಯಾಗಿದ್ದ ಥಾಮಸ್ ಜೆಫರ್ಸನ್‌ರಿಗೆ ಅಧಿಕಾರ ಬಿಟ್ಟುಕೊಟ್ಟು ಊರಿಗೆ ಹೊರಟರು. ಪ್ರಮಾಣವಚನ ಸಮಾರಂಭಕ್ಕೆ ಅವರು ನಿಲ್ಲಲಿಲ್ಲ. ಮುನಿಸು ಇದ್ದೇ ಇತ್ತು, ಆದರೂ ಹೋದರು. ಅದೇ ದೇಶದಲ್ಲಿ, ಅದೇ ಸಂವಿಧಾನದಡಿ, 1860ರಲ್ಲಿ ಲಿಂಕನ್ ಗೆದ್ದಾಗ ದಕ್ಷಿಣದ ರಾಜ್ಯಗಳು ಒಕ್ಕೂಟವನ್ನೇ ತೊರೆದವು, ನಾಲ್ಕು ವರ್ಷಗಳ ಯುದ್ಧವಾಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂಬ ಅವುಗಳ ಹಟಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಆ ಹಟವನ್ನು ಯುದ್ಧದವರೆಗೆ ಕೊಂಡೊಯ್ದದ್ದು, ಇನ್ನು ಮುಂದೆ ತಾವು ಎಂದೆಂದಿಗೂ ಅಲ್ಪಸಂಖ್ಯಾತರೇ ಎಂಬ ಲೆಕ್ಕಾಚಾರ. ಸೋತವನಿಗೆ ಮುಂದಿನ ಸಲ ಗೆಲ್ಲಬಹುದೆಂಬ ನಂಬಿಕೆಯಿದ್ದರೆ ಅವನು ಕಾಯುತ್ತಾನೆ. ಸೋಲು ಶಾಶ್ವತವೆಂದು ಕಂಡರೆ ಕಾಯುವುದಕ್ಕೆ ಅವನಿಗೆ ಕಾರಣವೇ ಉಳಿಯುವುದಿಲ್ಲ.

ದೇಶ ಶ್ರೀಮಂತವಾದಷ್ಟೂ ಈ ಕಾಯುವಿಕೆ ಸುಲಭ, ಏಕೆಂದರೆ ಅಧಿಕಾರ ಕಳೆದುಕೊಂಡವರಿಗೂ ಬದುಕಲು ಬೇರೆ ದಾರಿಗಳಿರುತ್ತವೆ. ಅದನ್ನು ಒಪ್ಪೋಣ. ಆದರೆ ಹಣವೊಂದೇ ಎಲ್ಲವನ್ನೂ ವಿವರಿಸಲಾರದು.

ಶ್ರೀಲಂಕಾವನ್ನು ನೋಡಿ. ಅಲ್ಲಿ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬಂದದ್ದು 1931ರಲ್ಲಿ, ಸ್ವಾತಂತ್ರ್ಯಕ್ಕಿಂತ ಹದಿನೇಳು ವರ್ಷ ಮೊದಲು. ಚುನಾವಣೆಗಳು ನಡೆದವು, ಸರ್ಕಾರಗಳು ಮತದಿಂದಲೇ ಬದಲಾದವು. 1956ರ ಏಪ್ರಿಲ್‌ನಲ್ಲಿ ಸಿಂಹಳವೊಂದನ್ನೇ ಅಧಿಕೃತ ಭಾಷೆಯನ್ನಾಗಿ ಮಾಡುವ ಭರವಸೆ ಕೊಟ್ಟು ಬಂಡಾರನಾಯಕೆ ಗೆದ್ದರು. ಜೂನ್‌ನಲ್ಲಿ ಮಸೂದೆಗೆ ಸಂಸತ್ತಿನ ಕೆಳಮನೆಯ ಒಪ್ಪಿಗೆ ಸಿಕ್ಕಿತು. ಎರಡೇ ತಿಂಗಳು. ಬಹುಮತದ ಲೆಕ್ಕದಲ್ಲಿ ಅದರಲ್ಲಿ ದೋಷ ಹುಡುಕುವುದು ಕಷ್ಟ, ಏಕೆಂದರೆ ಸಿಂಹಳೀಯರು ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 70ರಷ್ಟಿದ್ದರು. ಆದರೆ ತಮಿಳರು ಸೋತದ್ದು ವಾದದಲ್ಲಲ್ಲ, ಹುಟ್ಟಿನಲ್ಲಿ. ಪಕ್ಷದ ಸೋಲನ್ನು ಐದು ವರ್ಷಗಳಲ್ಲಿ ಸರಿಪಡಿಸಿಕೊಳ್ಳಬಹುದು. ತಲೆ ಎಣಿಕೆಯ ಸೋಲನ್ನು ಯಾವ ಚುನಾವಣೆಯೂ ಸರಿಪಡಿಸಲಾರದು.

ಬೆಲ್ಜಿಯಂನದೂ ಭಾಷೆಯ ಜಗಳವೇ. ಅಲ್ಲಿ ಡಚ್ ಭಾಷಿಕರೇ ಬಹುಸಂಖ್ಯಾತರು. ಆದರೂ ಪ್ರಧಾನಿಯನ್ನು ಬಿಟ್ಟು ಉಳಿದ ಮಂತ್ರಿಗಳಲ್ಲಿ ಎರಡೂ ಭಾಷಿಕರ ಸಂಖ್ಯೆ ಸಮನಾಗಿರಬೇಕೆಂದು ಸಂವಿಧಾನ ವಿಧಿಸುತ್ತದೆ. ಭಾಷೆಗೆ ಸಂಬಂಧಿಸಿದ ಮುಖ್ಯ ಕಾನೂನುಗಳಿಗೆ ಎರಡೂ ಗುಂಪಿನ ಸಂಸದರಲ್ಲಿ ಪ್ರತ್ಯೇಕವಾಗಿ ಬಹುಮತ ಬೇಕು. ಆ 541 ದಿನಗಳ ಎಳೆದಾಟಕ್ಕೆ ಬಹುಮಟ್ಟಿಗೆ ಕಾರಣವಾದದ್ದು ಒಬ್ಬರನ್ನು ಬದಿಗಿಟ್ಟು ಇನ್ನೊಬ್ಬರು ಮುಂದೆ ಹೋಗಲಾಗದ ಈ ಏರ್ಪಾಟೇ. ನಿರ್ಧಾರಗಳು ನಿಧಾನವಾಗುತ್ತವೆ, ಚೌಕಾಸಿಗೆ ಕೊನೆಯೇ ಇರುವುದಿಲ್ಲ, ನೋಡುವವರಿಗೆ ಅಸಹ್ಯವೂ ಆಗುತ್ತದೆ. ಗಟ್ಟಿ ಸರ್ಕಾರ ಬೇಕೆನ್ನುವವರು ಇದನ್ನೇ ದೌರ್ಬಲ್ಯ ಎನ್ನುತ್ತಾರೆ. ಆ ಬೆಲೆ ದುಬಾರಿಯೋ ಅಲ್ಲವೋ ಎಂಬುದನ್ನು ಅದನ್ನು ತೆರದೆ ಉಳಿಸಿಕೊಂಡವರ ಪಕ್ಕದಲ್ಲಿಟ್ಟು ಅಳೆಯಬೇಕಾಗುತ್ತದೆ.

ಶ್ರೀಲಂಕಾದಲ್ಲಿ ಬಂಡಾರನಾಯಕೆಯವರು 1957ರಲ್ಲಿ ತಮಿಳು ನಾಯಕ ಚೆಲ್ವನಾಯಕಂ ಅವರೊಂದಿಗೆ ಒಪ್ಪಂದವೊಂದನ್ನು ಮಾಡಿಕೊಂಡರು. ತಮ್ಮವರ ಒತ್ತಡಕ್ಕೆ ಮಣಿದು ಮರುವರ್ಷವೇ ಅದನ್ನು ಕೈಬಿಟ್ಟರು. ಅಂತರ್ಯುದ್ಧ 1983ರಲ್ಲಿ ಹೊತ್ತಿಕೊಂಡಿತು. ತಮಿಳೂ ಅಧಿಕೃತ ಭಾಷೆ ಎಂಬ ಮಾತು ಸಂವಿಧಾನಕ್ಕೆ ಸೇರಿದ್ದು 1987ರ ಹದಿಮೂರನೆಯ ತಿದ್ದುಪಡಿಯಲ್ಲಿ. ಅದಾದ ಮೇಲೂ ಯುದ್ಧ ಮುಗಿಯಲು ಇನ್ನೂ ಇಪ್ಪತ್ತೊಂದಕ್ಕೂ ಹೆಚ್ಚು ವರ್ಷಗಳು ಬೇಕಾದವು.