ಶೋ ಹೆಸರು ಬೇಡ, ಎಪಿಸೋಡ್ ಹೇಳಿ

ಸರಿ, ಕ್ಯಾಮೆರಾ ಓಡ್ತಿದೆ, ಬೀರು ಪೂರ್ತಿ ಖಾಲಿ ಮಾಡಿದೀನಿ, ಒಳಗಿದ್ದಿದ್ದೆಲ್ಲಾ ಮಂಚದ ಮೇಲೆ ಗುಡ್ಡೆ ಬಿದ್ದಿದೆ. ನಾನು ಬಟ್ಟೆ ಮಡಚೋದನ್ನ ನೀವು ಕೂತು ನೋಡ್ಬೇಕು ಅಂತೇನಿಲ್ಲ, ಅದು ಫಾಸ್ಟ್ ಫಾರ್ವರ್ಡ್‌ನಲ್ಲಿ ಹೋಗ್ತಿರುತ್ತೆ, ನಾವು ಮಾತಾಡ್ಕೊಂಡಿರೋಣ. ಕೆಲಸ ಮಾಡೋವಾಗ ಕಿವೀಲಿ ಏನು ಓಡ್ತಿರುತ್ತೆ, ಒಳ್ಳೆ ಪಾಡ್‌ಕಾಸ್ಟ್ ಇದ್ರೆ ಹೇಳಿ ಅಂತ ಸುಮಾರು ಜನ ಕೇಳಿದ್ರಿ. ಇವತ್ತು ಅದೇ.

ಆದ್ರೆ ಮೊದ್ಲೇ ಹೇಳ್ಬಿಡ್ತೀನಿ, ಆ ಪ್ರಶ್ನೆ ಮೇಲೇ ನನಗೆ ತಕರಾರಿದೆ. ನಾನೊಂದು ಶೋ ಹೆಸರು ಹೇಳ್ತೀನಿ, ನೀವು ಹೋಗಿ ಫಾಲೋ ಒತ್ತುತೀರ, ಮೇಲೇ ಕಾಣೋ ಹೊಸ ಎಪಿಸೋಡ್ ಹಾಕ್ತೀರ, ಅದು ಪಾಪ ಆ ವಾರ ಅವರೇ ಸಾಕಪ್ಪಾ ಅಂತ ಮಾಡಿರೋದು, ಹತ್ತು ನಿಮಿಷಕ್ಕೆ ನೀವು ಆಫ್ ಮಾಡಿ ನನ್ನ ಟೇಸ್ಟ್ ಸರಿಯಿಲ್ಲ ಅಂತೀರ. ಶೋ ಅನ್ನೋದನ್ನ ಮರ್ತುಬಿಡಿ. ಎಪಿಸೋಡ್ ಹುಡುಕಿ. ಬಿಬಿಸಿಯ ‘ಇನ್ ಅವರ್ ಟೈಮ್’ ತಗೊಳ್ಳಿ, 1998ರಲ್ಲಿ ರೇಡಿಯೋದಲ್ಲಿ ಶುರುವಾಗಿದ್ದು, ಸಾವಿರಕ್ಕೂ ಜಾಸ್ತಿ ಎಪಿಸೋಡ್ ಇದೆ. ಮೂರು ಜನ ಪ್ರೊಫೆಸರ್‌ಗಳು, ಒಂದೇ ವಿಷಯ, ಒಂದು ವಾರ ಫಿಲಾಸಫಿ, ಇನ್ನೊಂದು ವಾರ ಯಾವುದೋ ಪ್ರಾಣಿ, ಅದರ ಮುಂದಿನ ವಾರ ಯಾವುದೋ ರಾಣಿ. ಅದನ್ನ ಮೊದಲಿಂದ ಕೊನೆವರೆಗೂ ಕೇಳ್ತೀನಿ ಅಂತ ಹೊರಟ್ರೆ ರಿಟೈರ್ ಆಗ್ಬೇಕು ಅಷ್ಟೇ. ನಿಮಗೆ ಕುತೂಹಲ ಇರೋ ಒಂದು ಪದ ಹಾಕಿ ಹುಡುಕಿ, ಸಿಕ್ಕಿದ ಒಂದನ್ನ ಕೇಳಿ, ಫಾಲೋ ಒತ್ತದೇ ಎದ್ದು ಬನ್ನಿ. ಫಾಲೋ ಮಾಡ್ದೇ ಇರೋದು ಕೂಡ ಒಂದು ಆಯ್ಕೆ ಅಂತ ಯಾರೂ ಹೇಳ್ಕೊಡಲ್ಲ ನಮಗೆ.

ಈ ಶರ್ಟ್ ಯಾರದು? ನಂದಂತೂ ಅಲ್ಲ. ಇರ್ಲಿ, ಪಕ್ಕಕ್ಕೆ.

ಆ್ಯಪ್‌ನ ರೆಕಮೆಂಡೇಶನ್ ಬಗ್ಗೆ ಕೇಳ್ಲೇಬೇಡಿ. ಒಂದೇ ಒಂದು ಕೊಲೆ ಕೇಸ್ ಎಪಿಸೋಡ್ ಕೇಳಿದೆ, ಅವತ್ತಿಂದ ಹೋಮ್ ಸ್ಕ್ರೀನ್ ತುಂಬಾ ಹೆಣಗಳು. ಹಾಗಂತ ಕ್ರೈಮ್ ಬೈಯಕ್ಕಾಗಲ್ಲ, ಪಾಡ್‌ಕಾಸ್ಟ್ ಅನ್ನೋದು ಇದೆ ಅಂತ ತುಂಬಾ ಜನಕ್ಕೆ ಗೊತ್ತಾಗಿದ್ದೇ 2014ರಲ್ಲಿ ಬಂದ ‘ಸೀರಿಯಲ್’ ಇಂದ, ಒಂದೇ ಹಳೇ ಕೊಲೆ ಕೇಸ್ ಇಟ್ಕೊಂಡು ಇಡೀ ಸೀಸನ್ ಮಾಡಿದ್ರು, ಅಮೆರಿಕದಲ್ಲಿ ರೇಡಿಯೋ, ಟಿವಿಯವರಿಗೆ ಕೊಡೋ ಪೀಬಾಡಿ ಪ್ರಶಸ್ತಿನೂ ಬಂತು. ನನ್ನ ತಕರಾರು ಆ್ಯಪ್ ಜೊತೆ. ನಾನು ಒಂದು ಕೇಳಿದ ತಕ್ಷಣ ಅದರ ತಂಗಿ, ಅದರ ಚಿಕ್ಕಪ್ಪ, ಎಲ್ಲಾ ಸಂಬಂಧಿಕರನ್ನೂ ತಂದು ಕೂರಿಸುತ್ತೆ. ನನಗೆ ಬೇಕಿರೋದು ಸಂಬಂಧವೇ ಇಲ್ಲದ್ದು. ಅದನ್ನ ಮಷಿನ್ ಕೊಡಲ್ಲ, ಮನುಷ್ಯರು ಕೊಡ್ತಾರೆ.

ಮನುಷ್ಯರು ಅಂದೆ ನೋಡಿ, ಈಗ ಫ್ಯಾನ್ ಒರೆಸೋ ಶಾಟ್ ಬರುತ್ತೆ, ಆ ಕಥೆ ಇಲ್ಲೇ ಹೇಳ್ತೀನಿ. ನನ್ನ ಫ್ರೆಂಡ್ ಒಬ್ಬ ಮೆಸೇಜ್ ಹಾಕಿದ್ದ, ಈ ಎಪಿಸೋಡ್ ಪೂರ್ತಿ ಬೇಡ, 41ನೇ ನಿಮಿಷದಿಂದ ಕೇಳು, ತಲೆ ತಿರುಗುತ್ತೆ ಅಂತ. ನಾನು 41ಕ್ಕೆ ಇಟ್ಟು, ಫೋನ್ ಜೇಬಲ್ಲಿ ಹಾಕಿ, ಸ್ಟೂಲ್ ಹತ್ತಿದೆ. ಏನು ಬಂತು ಗೊತ್ತಾ? ಹಾಸಿಗೆ ಜಾಹೀರಾತು. ಎರಡೂ ಕೈ ಧೂಳು, ಒಂದು ಕೈಲಿ ಒದ್ದೆ ಬಟ್ಟೆ, ಸ್ಕಿಪ್ ಒತ್ತೋಕೆ ಕೈ ಇಲ್ಲ. ಹಾಸಿಗೆ ಮುಗೀತು, ಇನ್ಶೂರೆನ್ಸ್ ಬಂತು. ಅದು ಮುಗಿದ್ಮೇಲೆ ಯಾರೋ ಒಂದು ವಾಕ್ಯದ ಅರ್ಧದಿಂದ ಜೋರಾಗಿ ನಗ್ತಿದಾರೆ, ಯಾಕೆ ನಗ್ತಿದಾರೆ ದೇವರಿಗೇ ಗೊತ್ತು. ಇಳಿದು, ಕೈ ತೊಳೆದು, ಫೋನ್ ಮಾಡಿ ಕೇಳಿದ್ರೆ ಅವನು ಅಂತಾನೆ, ಇಲ್ಲಪ್ಪಾ, ನನ್ನ ಫೋನಲ್ಲಿ 41ಕ್ಕೇ ಇದೆ, ನೀನು ಬೇರೆ ಎಪಿಸೋಡ್ ಹಾಕಿದೀಯ. ಇಬ್ರೂ ಸ್ಕ್ರೀನ್‌ಶಾಟ್ ಕಳಿಸ್ಕೊಂಡ್ವಿ. ಅದೇ ಹೆಸರು, ಅದೇ ಫೋಟೋ, ಆದ್ರೆ ಒಟ್ಟು ಅವಧಿನೇ ಬೇರೆ. ಅವನದು ಚಿಕ್ಕದು, ನಂದು ಉದ್ದ.

ಆಗ್ಲೇ ನನಗೆ ಇದರ ಪ್ಲಂಬಿಂಗ್ ಅರ್ಥ ಆಗಿದ್ದು. ನಾವು ಅಂದ್ಕೊಂಡಿರ್ತೀವಿ ಎಪಿಸೋಡ್ ಅಂದ್ರೆ ಒಂದು ಫೈಲ್, ಎಲ್ರಿಗೂ ಅದೇ ಫೈಲ್ ಅಂತ. ಹಳೇ ಕಾಲದಲ್ಲಿ ಹಾಗೇ ಇತ್ತು, ಮಾತಾಡೋರೇ ಮಧ್ಯದಲ್ಲಿ ಜಾಹೀರಾತು ಓದೋರು, ಅದು ರೆಕಾರ್ಡಿಂಗ್ ಜೊತೆಗೇ ಅಂಟ್ಕೊಂಡಿರ್ತಿತ್ತು. ಈಗ ತುಂಬಾ ಶೋಗಳಲ್ಲಿ ಡೈನಾಮಿಕ್ ಆಡ್. ಎಪಿಸೋಡ್‌ನಲ್ಲಿ ಇಂತಿಂಥ ಕಡೆ ಜಾಗ ಬಿಟ್ಟಿರ್ತಾರೆ, ನೀವು ಡೌನ್‌ಲೋಡ್ ಒತ್ತಿದ ಕ್ಷಣದಲ್ಲಿ ಸರ್ವರ್ ನೋಡುತ್ತೆ, ಇವರು ಯಾವ ಊರಿಂದ, ಯಾವ ದಿನ ಕೇಳ್ತಿದಾರೆ ಅಂತ, ಆಗ ಕೈಲಿರೋ ಆಡ್‌ಗಳನ್ನ ತುರುಕಿ ಕಳಿಸುತ್ತೆ. ನನಗೆ ನಾಲ್ಕು ಆಡ್ ಬಿದ್ರೆ ಅವನಿಗೆ ಒಂದು. ಅದಕ್ಕೇ 2015ರ ಎಪಿಸೋಡ್ ಹಾಕಿದ್ರೂ ನಿನ್ನೆ ಲಾಂಚ್ ಆಗಿರೋ ಏನನ್ನೋ ಮಾರ್ತಾರೆ. ಅಂದ್ಮೇಲೆ ‘41ನೇ ನಿಮಿಷ’ ಅನ್ನೋ ಮಾತಿಗೆ ಅರ್ಥನೇ ಇಲ್ಲ ಅಲ್ವಾ? ಒಂದೇ ಎಪಿಸೋಡನ್ನ ನಾನೇ ಅಳಿಸಿ ಮತ್ತೆ ಇಳಿಸ್ಕೊಂಡ್ರೂ ನಿಮಿಷ ಬದಲಾಗಬಹುದು! ಬುಕ್‌ಮಾರ್ಕ್ ಇಟ್ಟಿದ್ದೆಲ್ಲಾ ಜಾರಿ ಹೋಗಿರುತ್ತೆ.

ಇದರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಮೇಲೆ ಯೋಚನೆ ಮಾಡಿದ್ರೆ, ಇಷ್ಟೊಂದು ಕೆಲಸ ಮಾಡಿ ಪುಕ್ಕಟೆ ಕೊಡ್ತಿದಾರೆ, ಹೊಟ್ಟೆಪಾಡು ಅವರಿಗೂ ಇರುತ್ತೆ. ಆದ್ರೂ ಹಾಸಿಗೆ ಜಾಹೀರಾತನ್ನ ಪಂಚ್‌ಲೈನ್ ಮೇಲೇ ಹಾಕ್ಬೇಕಾ? ಇಲ್ಲ, ಸಿಟ್ಟು ಇನ್ನೂ ಇದೆ ನನಗೆ.

ಈಗ ನಾನು ನಿಮಿಷ ಕೊಡಲ್ಲ, ಮಾತು ಕೊಡ್ತೀನಿ. ಯಾರು ಏನು ಹೇಳಿದ ಮೇಲೆ ಆ ಭಾಗ ಬರುತ್ತೆ ಅಂತ. ಟ್ರಾನ್ಸ್‌ಕ್ರಿಪ್ಟ್, ಅಂದ್ರೆ ಆಡಿದ ಮಾತೆಲ್ಲಾ ಅಕ್ಷರದಲ್ಲಿ, ಇದ್ರೆ ಆ ಪದ ಹುಡುಕಿ ಅಲ್ಲಿಗೇ ನೆಗೀಬಹುದು. ಆಪಲ್ 2024ರಲ್ಲಿ ಅದನ್ನ ತಾನಾಗೇ ಬರೆಯೋ ಥರ ಮಾಡ್ತು, ಶುರುವಲ್ಲಿ ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಶ್ ಅಷ್ಟೇ. ನಮ್ಮ ಭಾಷೆ ಯಾವತ್ತೂ ಕ್ಯೂನಲ್ಲಿ ಹಿಂದೆ. ಕನ್ನಡದ್ದು ಹುಡುಕೋವಾಗ ಇನ್ನೊಂದು ವಿಷಯ, ಕನ್ನಡ ಲಿಪೀಲೂ ಟೈಪ್ ಮಾಡಿ, ಇಂಗ್ಲಿಷ್ ಸ್ಪೆಲ್ಲಿಂಗಲ್ಲೂ ಟೈಪ್ ಮಾಡಿ, ಒಂದರಲ್ಲಿ ಸಿಗದೇ ಇರೋದು ಇನ್ನೊಂದರಲ್ಲಿ ಸಿಗುತ್ತೆ. 2019ರಲ್ಲಿ ಶುರುವಾದ ‘ತಲೆ-ಹರಟೆ’ ಅನ್ನೋ ಕನ್ನಡ ಪಾಡ್‌ಕಾಸ್ಟ್‌ನ ಎಪಿಸೋಡ್ ಪಟ್ಟಿ ಒಂದ್ಸಲ ಸುಮ್ನೆ ಕೆಳಗಿನವರೆಗೂ ಸ್ಕ್ರೋಲ್ ಮಾಡಿ, ಹೊಸದರ ಹತ್ರನೇ ನಿಂತುಬಿಡ್ಬೇಡಿ.

ಫ್ಯಾನ್ ಮುಗೀತು. ಬಿಳೀ ಫ್ಯಾನ್ ಅಂತ ನನಗೂ ಇವತ್ತೇ ಗೊತ್ತಾಗಿದ್ದು.

ಎಲ್ಲಿದ್ದೆ? ಹಾಂ, ಹುಡುಕೋದು. ನಾನು ಜಾಸ್ತಿ ಮಾಡೋದು ಗೆಸ್ಟ್ ಹೆಸರು ಹಿಡ್ಕೊಂಡು ಹೋಗೋದು. ಒಬ್ಬರು ಒಂದು ಕಡೆ ಚೆನ್ನಾಗಿ ಮಾತಾಡಿದ್ರೆ, ಅವರ ಹೆಸರನ್ನ ಲಿಸನ್ ನೋಟ್ಸ್ ಥರದ ಸರ್ಚ್ ಸೈಟಲ್ಲಿ ಹಾಕ್ತೀನಿ, ಅದು ಶೋ ಮಾತ್ರ ಅಲ್ಲ, ಎಪಿಸೋಡ್‌ಗಳನ್ನೂ ಹುಡುಕಿ ಕೊಡುತ್ತೆ. ಅದೇ ಮನುಷ್ಯ ನಾಲ್ಕು ಕಡೆ ಮಾತಾಡಿರ್ತಾನೆ, ಮೂರು ಕಡೆ ಅದೇ ಕಥೆ, ಒಂದು ಕಡೆ ಹೋಸ್ಟ್ ಹೋಮ್‌ವರ್ಕ್ ಮಾಡ್ಕೊಂಡು ಬಂದಿರ್ತಾರೆ. ಆ ಒಂದು ಸಿಕ್ಕಿದ್ರೆ ಹೋಸ್ಟ್ ಕೂಡ ಸಿಕ್ಕಿದ ಹಾಗೆ. ಇಬ್ರು ಕೂತು ಮಾತಾಡೋ ಶೋಗಳು ಅಂದ್ರೆ ನನಗೆ ಆಗಲ್ಲ, ಮೊದಲ ಕಾಲು ಗಂಟೆ ಒಬ್ರನ್ನೊಬ್ರು ಹೊಗಳೋದೇ. ಆಗಲ್ಲ ಅಂದೆ, ಆದ್ರೆ ಅಮಿತ್ ವರ್ಮಾ ಅವರ ‘ದ ಸೀನ್ ಅಂಡ್ ದ ಅನ್‌ಸೀನ್’ ಇದೆಯಲ್ಲ, 2017ರಲ್ಲಿ ಶುರುವಾಗಿದ್ದು, ಗಂಟೆಗಟ್ಟಲೆ ಹೋಗುತ್ತೆ, ಅದನ್ನ ವಾರಪೂರ್ತಿ ತುಂಡು ತುಂಡಾಗಿ ಕೇಳ್ತೀನಿ. ಸರಿ, ಹಾಗಿದ್ರೆ ಆಗುತ್ತೆ ಅನ್ಕೊಳ್ಳಿ. ಹೊಗಳೋದು ಮಾತ್ರ ಆಗಲ್ಲ.

ಇದಕ್ಕೆಲ್ಲಾ ಹೊಸ ಆ್ಯಪ್ ಬೇಕಾ ಅಂತ ಕೇಳ್ಬೇಡಿ, ಬೇಡ. ಪಾಡ್‌ಕಾಸ್ಟ್ ಅಂದ್ರೆ ಒಳಗೆ ಒಂದು ಆರ್‌ಎಸ್‌ಎಸ್ ಫೀಡ್, ಒಂದು ಸಾದಾ ಪಟ್ಟಿ, ಅದ್ರಲ್ಲಿ ಪ್ರತಿ ಆಡಿಯೋಗೆ ಒಂದು ಲಿಂಕ್. ಆ ಲಿಂಕ್ ಸೇರಿಸೋ ವ್ಯವಸ್ಥೆ 2000ದಲ್ಲೇ ಬಂತು, 2005ರಲ್ಲಿ ಐಟ್ಯೂನ್ಸ್ ಒಳಗೆ ಪಾಡ್‌ಕಾಸ್ಟ್ ಸೇರಿದ ಮೇಲೆ ಎಲ್ಲಾ ಕಡೆ ಹಬ್ಬಿತು. ಪಟ್ಟಿ ಎಲ್ರಿಗೂ ತೆರೆದಿರೋದ್ರಿಂದ ಯಾವ ಆ್ಯಪ್ ಬೇಕಾದ್ರೂ ಓದಬಹುದು. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿದಾಗ ಜನ ತಮ್ಮ ಶೋಗಳ ಪಟ್ಟಿ ಇರೋ ಒಪಿಎಂಎಲ್ ಅನ್ನೋ ಒಂದು ಫೈಲ್ ಎಕ್ಸ್‌ಪೋರ್ಟ್ ಮಾಡ್ಕೊಂಡು ಬೇರೆ ಆ್ಯಪ್‌ಗೆ ಹೋಗೋಕೆ ಆಗಿದ್ದು ಅದಕ್ಕೇ. ಒಂದೇ ಆ್ಯಪಲ್ಲಿ ಮಾತ್ರ ಸಿಗೋದನ್ನ ನಾನು ಪಾಡ್‌ಕಾಸ್ಟ್ ಅಂತ ಒಪ್ಪಲ್ಲ. ಕೇಳ್ತೀನಿ, ಒಪ್ಪಲ್ಲ.

ಈಗ ಎಪಿಸೋಡ್‌ಗಳು, ಬೇಗ ಹೇಳ್ತೀನಿ, ನೆಲ ಒರೆಸೋದು ಅಷ್ಟು ಹೊತ್ತಿಲ್ಲ.

‘99 ಪರ್ಸೆಂಟ್ ಇನ್‌ವಿಸಿಬಲ್’, ಎಪಿಸೋಡ್ ಹೆಸರು ‘ಸ್ಟ್ರಕ್ಚರಲ್ ಇಂಟೆಗ್ರಿಟಿ’. ನ್ಯೂಯಾರ್ಕಲ್ಲಿ 59 ಮಹಡಿಯ ಸಿಟಿಕಾರ್ಪ್ ಕಟ್ಟಡ, 1977ರಲ್ಲಿ ಮುಗಿದಿದ್ದು. ಒಂದು ಮೂಲೇಲಿ ಚರ್ಚ್ ಇತ್ತು ಅಂತ ಕಂಬಗಳನ್ನ ನಾಲ್ಕು ಮೂಲೇಲಿ ಇಡದೇ ನಾಲ್ಕು ಬದಿಗಳ ಮಧ್ಯದಲ್ಲಿ ನಿಲ್ಲಿಸಿದಾರೆ. ಮೂಲೆ ಕಡೆಯಿಂದ ಗಾಳಿ ಹೊಡೆದ್ರೆ ಏನಾಗುತ್ತೆ ಅಂತ ಒಬ್ಬ ವಿದ್ಯಾರ್ಥಿನಿ ಥೀಸಿಸ್‌ಗೋಸ್ಕರ ಲೆಕ್ಕ ಹಾಕ್ತಾಳೆ. ಇತ್ತ ಇಂಜಿನಿಯರ್‌ಗೆ ಗೊತ್ತಾಗುತ್ತೆ, ವೆಲ್ಡ್ ಆಗ್ಬೇಕಿದ್ದ ಜಾಯಿಂಟ್‌ಗಳಿಗೆ ಬೋಲ್ಟ್ ಹಾಕಿದಾರೆ, ಜೋರು ಗಾಳಿಗೆ ಕಟ್ಟಡನೇ ಬೀಳಬಹುದು ಅಂತ. 1978ರಲ್ಲಿ, ಒಳಗೆ ಹಗಲೆಲ್ಲಾ ಜನ ಆಫೀಸ್ ಕೆಲಸ ಮಾಡ್ತಿದ್ರೆ, ರಾತ್ರಿಯೆಲ್ಲಾ ವೆಲ್ಡಿಂಗ್! ಪೇಪರ್‌ನವರು ಬೇರೆ ಸ್ಟ್ರೈಕಲ್ಲಿದ್ರು. 1995ರವರೆಗೂ ಹೊರಗಿನವರಿಗೆ ಗೊತ್ತೇ ಇರ್ಲಿಲ್ಲ. ನನಗೆ ಕಟ್ಟಡಗಳ ಬಗ್ಗೆ ಒಂಚೂರೂ ಆಸಕ್ತಿ ಇಲ್ಲ, ಆದ್ರೂ ಇದನ್ನ ಕೇಳ್ತಾ ಮಾಪ್ ಹಿಡ್ಕೊಂಡು ಹಾಗೇ ನಿಂತುಬಿಟ್ಟಿದ್ದೆ. ಅದನ್ನೇ ನಾನು ಸಂಬಂಧ ಇಲ್ಲದ್ದು ಕೇಳಿ ಅಂತಿರೋದು.

ಇನ್ನೊಂದು ‘ರಿಪ್ಲೈ ಆಲ್’, ಆ ಶೋ 2022ರಲ್ಲಿ ನಿಂತುಹೋಯ್ತು, ಎಪಿಸೋಡ್‌ಗಳು ಇವೆ. ‘ದ ಕೇಸ್ ಆಫ್ ದ ಮಿಸ್ಸಿಂಗ್ ಹಿಟ್’, 2020ರದ್ದು. ಒಬ್ಬನ ತಲೇಲಿ 90ರ ದಶಕದ ಒಂದು ಹಾಡು ಪೂರ್ತಿ ಇದೆ, ಇಂಟರ್ನೆಟ್‌ನಲ್ಲಿ ಎಲ್ಲೂ ಇಲ್ಲ, ಬೇರೆ ಯಾರಿಗೂ ನೆನಪಿಲ್ಲ. ಅವನು ಬಾಯಲ್ಲಿ ಹೇಳಿದ್ದನ್ನ ಇಟ್ಕೊಂಡು ಸ್ಟುಡಿಯೋದಲ್ಲಿ ಮ್ಯುಸಿಷಿಯನ್ಸ್ ಸೇರಿಸಿ ಆ ಹಾಡನ್ನ ವಾಪಸ್ ಕಟ್ತಾರೆ. ಮುಂದೆ ಹೇಳಲ್ಲ.

ಆಮೇಲೆ ‘ರೇಡಿಯೋಲ್ಯಾಬ್’ನ ‘ಕಲರ್ಸ್’, 2012. ಬಣ್ಣದ ಬಗ್ಗೆ ಆಡಿಯೋದಲ್ಲಿ ಏನು ಮಾಡ್ತಾರೆ ಅಂತೀರಾ? ಒಂದು ಗಾಯಕರ ಗುಂಪು ಕರೆಸಿ, ನಾಯಿ ಕಣ್ಣಿಗೆ ಎಷ್ಟು ಬಣ್ಣ ಕಾಣುತ್ತೋ ಅಷ್ಟು ದನಿ, ಮನುಷ್ಯನಿಗೆ ಇನ್ನಷ್ಟು ದನಿ, ಕೊನೇಲಿ ಮ್ಯಾಂಟಿಸ್ ಶ್ರಿಂಪ್ ಅನ್ನೋ ಸಮುದ್ರದ ಜೀವಿಗೆ ಇಡೀ ಗುಂಪು ಎದ್ದು ಹಾಡುತ್ತೆ. ಆದ್ರೆ 2014ರಲ್ಲಿ ಬಂದ ಒಂದು ಸ್ಟಡಿ ಪ್ರಕಾರ ಹತ್ತಿರ ಹತ್ತಿರದ ಬಣ್ಣಗಳನ್ನ ಬೇರೆ ಮಾಡಿ ನೋಡೋದ್ರಲ್ಲಿ ಆ ಪ್ರಾಣಿ ನಮಗಿಂತ ಹಿಂದೆ. ಹಾಡು ಚೆನ್ನಾಗಿದೆ, ಅದಕ್ಕೇನು. ಇಂಥದ್ದನ್ನ ಸ್ಪೀಡ್ ಜಾಸ್ತಿ ಮಾಡಿ ಕೇಳೋರು ನನ್ನ ಜೊತೆ ಮಾತಾಡ್ಬೇಡಿ. ಇಂಟರ್‌ವ್ಯೂಗೆ ಬೇಕಾದ್ರೆ 1.3 ಇಟ್ಕೊಳ್ಳಿ, ನಾನೂ ಇಡ್ತೀನಿ.

ಕೊನೇದು ‘ಎವ್ರಿಥಿಂಗ್ ಈಸ್ ಅಲೈವ್’, ವಸ್ತುಗಳನ್ನ ಇಂಟರ್‌ವ್ಯೂ ಮಾಡೋ ಶೋ, ಮೊದಲ ಗೆಸ್ಟ್ ಒಂದು ಕೋಲಾ ಕ್ಯಾನ್, ಹೆಸರು ಲೂಯಿಸ್. ನಟರೇ ಮಾತಾಡೋದು, ಆದ್ರೆ ಸ್ವಲ್ಪ ಹೊತ್ತಾದ್ಮೇಲೆ ಆ ಕ್ಯಾನ್ ಬಗ್ಗೆ ನಿಮಗೆ ಪಾಪ ಅನ್ಸೋಕೆ ಶುರುವಾಗುತ್ತೆ, ಏನ್ ಮಾಡ್ಲಿ ನಾನು.

ಅಯ್ಯೋ ನೆಲ ಆಯ್ತು, ಶಾಟ್ ಮುಗೀತು. ಕೆಳಗೆ ಬರೀರಿ, ನಿಮ್ಮದು ಒಂದು ಎಪಿಸೋಡ್ ಹೆಸರು ಹಾಕಿ, ಶೋ ಹೆಸರು ಬೇಡ, ನಿಮಿಷ ಅಂತೂ ಹಾಕ್ಲೇಬೇಡಿ.