ಹೆಪ್ಪನ್ನು ಯಾರಾದರೂ ಕಲಕುತ್ತಾರಾ?

ಎಲ್ಲರಿಗೂ ನಮಸ್ಕಾರ.

ಈ ಶನಿವಾರದ ಮಾತುಕತೆಗೆ ಏನಾದರೂ ವಿಜ್ಞಾನದ್ದು ಹೇಳಿ ಅಂತ ಕೇಳಿದರು. ಮನೆಯಲ್ಲಿ ಬಿಯರ್ ಮಾಡುವುದರ ಬಗ್ಗೆ ಹೇಳ್ತೀನಿ ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಆಗಲಿ, ಆದ್ರೆ ಸ್ಯಾಂಪಲ್ ತರಬೇಡಿ" ಅಂದರು. ಅದಕ್ಕೇ ಈ ಮೇಜಿನ ಮೇಲೆ ಬಿಯರ್ ಇಲ್ಲ. ಹಳೇ ಕಂಪ್ಯೂಟರ್ ಫ್ಯಾನ್ ಇದೆ, ಬಿಚ್ಚಿ ಹಾಕಿದ ಹಾರ್ಡ್ ಡಿಸ್ಕ್ ಇದೆ, ಫ್ಲಾಸ್ಕಿನಲ್ಲಿ ಬರೀ ನೀರಿದೆ.

ಈಗ ಗುಂಡಿ ತಿರುಗಿಸುತ್ತೇನೆ, ನೋಡಿ. ಫ್ಲಾಸ್ಕಿನ ತಳದಲ್ಲಿ ಮಾತ್ರೆ ಥರ ಒಂದು ಬಿಳಿ ಕಡ್ಡಿ ಬಿದ್ದಿದೆಯಲ್ಲ, ಅದು ಬುಗುರಿ ಹಾಗೆ ತಿರುಗೋಕೆ ಶುರುವಾಯಿತು. ಅದಕ್ಕೆ ದಾರ ಇಲ್ಲ, ವೈರ್ ಇಲ್ಲ. ನೀರಿನ ನಡುವೆ ಸಣ್ಣ ಸುಳಿ ಬಿತ್ತು. ಇದಕ್ಕೆ ಸ್ಟರ್ ಪ್ಲೇಟ್ ಅಂತಾರೆ. ಲ್ಯಾಬ್‌ಗಳಲ್ಲಿ ಕೆಲಸ ಮಾಡಿದವರು ನೋಡಿರುತ್ತೀರಿ.

ಎರಡು ವರ್ಷದ ಹಿಂದೆ ಅಮ್ಮ ಹಾಸನದಿಂದ ಇಲ್ಲಿ ಅಮೆರಿಕದ ಪೋರ್ಟ್‌ಲೆಂಡಿಗೆ ಬಂದಿದ್ದರು. ಬೆಳಿಗ್ಗೆ ಕಾಫಿಗೆ ಅಂತ ಅಡುಗೆಮನೆಗೆ ಬಂದವರು ಇದನ್ನು ನೋಡಿ ನಿಂತುಬಿಟ್ಟರು. "ಏನೋ ಇದು, ಮಜ್ಜಿಗೆ ತಾನಾಗೇ ಕಡೀತಿದೆ?" ಅಂದರು. ಮಜ್ಜಿಗೆ ಅಲ್ಲಮ್ಮ, ಇದು ಬಿಯರ್‌ಗೆ ಹಾಕೋ ಹೆಪ್ಪು ಅಂದೆ. ಬಿಯರ್ ಅನ್ನೋ ಮಾತನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ, ಅಥವಾ ಕೇಳಿಸದ ಹಾಗೆ ಇದ್ದರು. "ಹೆಪ್ಪನ್ನ ಯಾರಾದ್ರೂ ಕಲಕ್ತಾರೇನೋ? ಅಲ್ಲಾಡಿಸಬಾರದು ಅಂತ ಚಿಕ್ಕವನಿದ್ದಾಗಿಂದ ಹೇಳಿಲ್ವಾ?" ಅಂದರು.

ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡೋಕೆ ನನಗೆ ಅವತ್ತು ಎರಡು ಲೋಟ ಕಾಫಿ ಬೇಕಾಯಿತು. ಇವತ್ತು ನಿಮಗೂ ಅದನ್ನೇ ಹೇಳುತ್ತೇನೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ, ಯಾಕಂದ್ರೆ ಕೊನೆಗೆ ಯಾರಾದರೂ ಕೇಳೇ ಕೇಳ್ತಾರೆ. ಅಮೆರಿಕದಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಲು ಒಪ್ಪಿಗೆ ಕೊಟ್ಟ ಮಸೂದೆಗೆ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರ ಅಕ್ಟೋಬರ್‌ನಲ್ಲಿ. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ತನಕ ತೆರಿಗೆ ಇಲ್ಲ. ಮಾರುವ ಹಾಗಿಲ್ಲ. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಒಪ್ಪಿಕೊಂಡಿದ್ದು ಮಾತ್ರ 2013ರಲ್ಲಿ. ನಮ್ಮ ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಇದನ್ನು ಮಾಡುವ ಹಾಗೇ ಇಲ್ಲ. ಹಾಗಾಗಿ ಊರಿನ ಭಾವಮೈದನಿಗೆ ಈ ವಿಡಿಯೋ ಕಳಿಸಿದರೆ ಈ ಸಾಲನ್ನೂ ಸೇರಿಸಿ ಕಳಿಸಿ. ಅಂದಹಾಗೆ, ನಾವಿರುವ ಆರೆಗನ್ ರಾಜ್ಯಕ್ಕೆ ಒಂದು ರಾಜ್ಯ ಸೂಕ್ಷ್ಮಜೀವಿ ಇದೆ, ಗೊತ್ತಾ? ರಾಜ್ಯ ಪಕ್ಷಿ, ರಾಜ್ಯ ಹೂವು ಇರೋ ಹಾಗೆ. 2013ರಲ್ಲಿ ಘೋಷಿಸಿದರು. ಅದು ಬೇರೆ ಯಾವುದೂ ಅಲ್ಲ, ಬಿಯರ್ ಯೀಸ್ಟ್, ಸಿಹಿಯನ್ನು ಮದ್ಯ ಮಾಡುವ ನಮ್ಮ ಈ ಹೆಪ್ಪೇ.

ಈಗ ಹೆಪ್ಪಿನ ಲೆಕ್ಕ. ರಾಗಿ ಮಾಲ್ಟ್ ಎಲ್ಲರೂ ಕುಡಿದವರೇ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡ್ತೀವಲ್ಲ, ಬಾರ್ಲಿಗೂ ಅದನ್ನೇ ಮಾಡಿದರೆ ಬಿಯರ್‌ನ ಮಾಲ್ಟ್. ಅದನ್ನು ಬಿಸಿನೀರಲ್ಲಿ ನೆನೆಸಿ ಸೋಸಿದರೆ ಸಿಹಿ ನೀರು ಸಿಗುತ್ತೆ, ಅದೇ ವರ್ಟ್. ಅದಕ್ಕೆ ಹಾಪ್ಸ್ ಅನ್ನುವ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬಿಟ್ಟರೆ ಉಳಿದ ಕೆಲಸ ಯೀಸ್ಟಿನದು. ಎಷ್ಟು ಯೀಸ್ಟ್ ಬಿಡಬೇಕು? ಏಲ್ ಜಾತಿಯ ಬಿಯರ್‌ಗೆ ಬಳಕೆಯಲ್ಲಿರುವ ಲೆಕ್ಕ ಹೀಗಿದೆ: ಒಂದು ಮಿಲಿಲೀಟರಿಗೆ, ಸಿಹಿ ಅಳೆಯುವ ಪ್ಲಾಟೋ ಅನ್ನುವ ಅಳತೆಯಲ್ಲಿ ಒಂದು ಡಿಗ್ರಿಗೆ, ಏಳೂವರೆ ಲಕ್ಷ ಜೀವಕೋಶ. ಸಾಮಾನ್ಯ ವರ್ಟಿನ ಸಿಹಿ 12 ಡಿಗ್ರಿ. ಅಂದರೆ ಮಿಲಿಲೀಟರಿಗೆ 90 ಲಕ್ಷ. 20 ಲೀಟರಿಗೆ 18,000 ಕೋಟಿ. ಅಂಗಡಿಯಲ್ಲಿ ಸಿಗುವ ದ್ರವ ಯೀಸ್ಟಿನ ಒಂದು ಪೊಟ್ಟಣದಲ್ಲಿ, ಹೊಸದಾಗಿದ್ದರೆ, ಸುಮಾರು 10,000 ಕೋಟಿ ಇರುತ್ತೆ. ಫ್ರಿಡ್ಜಲ್ಲಿ ಇಟ್ಟಷ್ಟೂ ಸಾಯ್ತಾ ಹೋಗುತ್ತೆ. ಲಾಗರ್ ಅನ್ನುವ ಇನ್ನೊಂದು ಜಾತಿಯ ಬಿಯರ್ ಮಾಡ್ತೀನಿ ಅಂದರೆ ಇದರ ಎರಡರಷ್ಟು ಬೇಕು.

ಸಾಲದೆ ಹೋದರೆ ಏನಾಗುತ್ತೆ? ಚಳಿಗಾಲದಲ್ಲಿ ಒಂದು ಸೌಟು ಹಾಕಬೇಕಾದ ಕಡೆ ಅರ್ಧ ಚಮಚ ಹೆಪ್ಪು ಹಾಕಿ ನೋಡಿ. ಬೆಳಿಗ್ಗೆ ಏಳುವಾಗ ಹಾಲು ಹಾಲಾಗೇ ಇರುತ್ತೆ. ಆ ಪುರುಸೊತ್ತಿನಲ್ಲಿ ಬೇರೆ ಬ್ಯಾಕ್ಟೀರಿಯಾ ಬಂದು ಕೂತಿರುತ್ತೆ. ಇಲ್ಲೂ ಹಾಗೇ. ಅದಕ್ಕೇ ಎರಡು ದಿನ ಮುಂಚೆ ಸಣ್ಣ ಪ್ರಮಾಣದ ವರ್ಟಿನಲ್ಲಿ ಯೀಸ್ಟನ್ನು ಬೆಳೆಸಿಕೊಳ್ತೀವಿ. ಅದೇ ಸ್ಟಾರ್ಟರ್. ಅದನ್ನು ಸುಮ್ನೆ ಇಟ್ಟರೂ ಬೆಳೆಯುತ್ತೆ, ಕಲಕುತ್ತಾ ಇಟ್ಟರೆ ಜಾಸ್ತಿ ಬೆಳೆಯುತ್ತೆ.

ಯಾಕೆ? ಅಮ್ಮನ ಪ್ರಶ್ನೆಗೆ ಬಂದೆವು. ಮೊಸರು ಮಾಡುವ ಬ್ಯಾಕ್ಟೀರಿಯಾಗೆ ಗಾಳಿ ಬೇಕಾಗಿಲ್ಲ. ಜೊತೆಗೆ ಹಾಲಿನ ಪ್ರೋಟೀನು ಬಲೆ ಕಟ್ಟಿಕೊಂಡು ಗಟ್ಟಿಯಾಗುತ್ತೆ, ನಡುವೆ ಅಲ್ಲಾಡಿಸಿದರೆ ಆ ಬಲೆ ಹರಿದು ನೀರೊಡೆಯುತ್ತೆ. ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಯೀಸ್ಟ್ ಬೇರೆ ಜಾತಿ. ಅದು ಮರಿ ಹಾಕುವುದೇ ಮೈಯಿಂದ ಮೊಗ್ಗು ಬಿಟ್ಟು. ಪ್ರತಿ ಸಲ ಮೊಗ್ಗು ಬಿಟ್ಟಾಗ ತನ್ನ ಮೈಯ ಪೊರೆಯಲ್ಲಿರುವ ಸ್ಟೆರಾಲ್ ಅನ್ನುವ ಜಿಡ್ಡನ್ನು ಮರಿಯ ಜೊತೆ ಹಂಚಿಕೊಳ್ಳಬೇಕು. ಒಂದು ಸೇರು ತುಪ್ಪ ಮಕ್ಕಳು, ಮೊಮ್ಮಕ್ಕಳು ಅಂತ ಹಂಚಿ ಹಂಚಿ ಕೊನೆಗೆ ಕೈ ತೊಳೆದುಕೊಂಡ ಹಾಗೆ. ಹೊಸ ಸ್ಟೆರಾಲ್ ಮಾಡಿಕೊಳ್ಳಲು ಆಮ್ಲಜನಕ ಬೇಕೇ ಬೇಕು. ಅದಿಲ್ಲದಿದ್ದರೆ ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಬೆಳವಣಿಗೆ ನಿಂತುಹೋಗುತ್ತೆ, ಸಕ್ಕರೆ ಎಷ್ಟಿದ್ದರೂ ಸರಿ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಗಾಳಿ ಸಿಕ್ಕರೆ ಯೀಸ್ಟ್ ನಮ್ಮ ಹಾಗೆ ಉಸಿರಾಡುತ್ತೆ, ಮದ್ಯ ಮಾಡಲ್ಲ ಅಂತ ಹಲವರು ಅಂದುಕೊಂಡಿದ್ದಾರೆ. ವರ್ಟಿನಷ್ಟು ಸಿಹಿ ಇದ್ದಾಗ ಗಾಳಿ ಇದ್ದರೂ ಅದು ಮದ್ಯವನ್ನೇ ಮಾಡುತ್ತೆ. ಆಮ್ಲಜನಕ ಬೇಕಾಗಿರುವುದು ಮುಖ್ಯವಾಗಿ ಆ ಪೊರೆಗೆ. ಕಲಕುವುದರಿಂದ ಇನ್ನೆರಡು ಲಾಭ. ಹುಟ್ಟಿದ ಇಂಗಾಲದ ಡೈಆಕ್ಸೈಡ್ ಒಳಗೇ ಕೂರದೆ ಹೊರಗೆ ಹೋಗುತ್ತೆ. ಯೀಸ್ಟ್ ತಳಕ್ಕೆ ಕೂತು ನಿದ್ದೆ ಹೊಡೆಯದೆ ತೇಲಾಡ್ತಾ ಇರುತ್ತೆ.

ಇಂಥ ಯಂತ್ರ ಹೊಸದೇನಲ್ಲ. ಕೆಳಗೆ ತಿರುಗುವ ಅಯಸ್ಕಾಂತ, ಮೇಲೆ ಪಾತ್ರೆಯೊಳಗೆ ಅದನ್ನು ಹಿಂಬಾಲಿಸುವ ಅಯಸ್ಕಾಂತದ ಕಡ್ಡಿ, ಈ ಏರ್ಪಾಟಿಗೆ ಆರ್ಥರ್ ರೋಸಿಂಗರ್ ಅನ್ನುವವರಿಗೆ 1944ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಹೊಸದನ್ನು ಕೊಳ್ಳಬಹುದು. ಆದರೆ ಗರಾಜಿನಲ್ಲಿ ಸತ್ತ ಕಂಪ್ಯೂಟರ್ ಇಟ್ಟುಕೊಂಡು ಇದನ್ನು ದುಡ್ಡು ಕೊಟ್ಟು ತರೋಕೆ ನನಗೆ ಮನಸ್ಸಾಗಲಿಲ್ಲ. ಅದರ ಹಾರ್ಡ್ ಡಿಸ್ಕಿನ ಅಯಸ್ಕಾಂತವನ್ನು ಅದರ ಫ್ಯಾನಿನ ಮೇಲೆ ಅಂಟಿಸಿ, ಫ್ಯಾನನ್ನು ಡಬ್ಬಿಯೊಳಗೆ ಕೂರಿಸಿ, ಡಬ್ಬಿಯ ಮೇಲೆ ಫ್ಲಾಸ್ಕ್ ಇಟ್ಟರೆ ಯಂತ್ರ ಆಯಿತು.

ಹಾರ್ಡ್ ಡಿಸ್ಕ್ ಬಿಚ್ಚೋಕೆ ನಕ್ಷತ್ರದ ಆಕಾರದ ಸ್ಕ್ರೂಡ್ರೈವರ್ ಬೇಕು. ಒಂದು ಸ್ಕ್ರೂ ಲೇಬಲ್ಲಿನ ಕೆಳಗೆ ಅಡಗಿರುತ್ತೆ, ಬೆರಳಲ್ಲಿ ಒತ್ತಿದರೆ ಗುಳಿ ಸಿಗುತ್ತೆ. ಒಳಗೆ, ಓದುವ ತೋಳಿನ ಬುಡದಲ್ಲಿ, ಬಾಳೆಕಾಯಿ ಹೋಳಿನ ಹಾಗೆ ಬಾಗಿದ ಅಯಸ್ಕಾಂತ ಕಬ್ಬಿಣದ ಪಟ್ಟಿಗೆ ಅಂಟಿಕೊಂಡಿರುತ್ತೆ. ಅದು ನಿಯೋಡಿಮಿಯಂ. ಎರಡು ತುಂಡು ಪರಸ್ಪರ ಹತ್ತಿರ ಬಂದರೆ ನಡುವೆ ಸಿಕ್ಕ ಚರ್ಮದ ಗತಿ ಅಷ್ಟೇ. ನನ್ನ ತೋರುಬೆರಳಿನ ಉಗುರು ಒಂದು ತಿಂಗಳು ನೀಲಿಯಾಗಿತ್ತು. ಪಟ್ಟಿಯಿಂದ ಅದನ್ನು ಕೀಳೋಕೆ ಹೋಗಬೇಡಿ, ಒಡೆಯುತ್ತೆ. ಪಟ್ಟಿ ಸಮೇತ ಅಂಟಿಸಿ.

ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಈ ಅಯಸ್ಕಾಂತದ ಒಂದೇ ಮುಖದಲ್ಲಿ ಅರ್ಧ ಉತ್ತರ ಧ್ರುವ, ಅರ್ಧ ದಕ್ಷಿಣ ಧ್ರುವ ಇರುತ್ತೆ. ಹಾರ್ಡ್ ಡಿಸ್ಕಿನ ತೋಳು ಆಚೀಚೆ ಓಡಾಡಲಿ ಅಂತ ಹಾಗೆ ಮಾಡಿರ್ತಾರೆ. ನಮಗೆ ಬೇಕಾಗಿರುವುದೂ ಅದೇ! ಕಡ್ಡಿಯ ಒಂದು ತುದಿ ಒಂದು ಧ್ರುವಕ್ಕೆ, ಇನ್ನೊಂದು ತುದಿ ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತೆ. ಹಾಗಾಗಿ ಒಂದೇ ಅಯಸ್ಕಾಂತ ಸಾಕು, ಫ್ಯಾನಿನ ರೆಕ್ಕೆಗಳು ಸೇರುವ ಗುಬಟಿನ ಸರಿ ನಡುವೆ. ಬಿಲ್ಲೆ ಅಯಸ್ಕಾಂತ ಬಳಸುವವರು ಎರಡು ಬಳಸಬೇಕು, ಒಂದನ್ನು ಮಗುಚಿ ಅಂಟಿಸಬೇಕು.

ನಡುವೆ ಅಂದೆನಲ್ಲ, ಅಲ್ಲೇ ಎಲ್ಲರೂ ಸೋಲುವುದು. ಎರಡು ಮಿಲಿಮೀಟರ್ ಆಚೆ ಹೋದರೂ ಡಬ್ಬಿ ಇಡೀ ಗಡಗಡ ನಡುಗುತ್ತೆ. ಮೊದಲು ಎರಡು ಬದಿಯ ಟೇಪಿನಲ್ಲಿ ಅಂಟಿಸಿ, ಫ್ಯಾನ್ ಓಡಿಸಿ, ಸರಿಸಿ, ಮತ್ತೆ ಓಡಿಸಿ. ಸದ್ದು ಅಡಗಿದ ಮೇಲೆ ಎಪಾಕ್ಸಿ ಅಂಟು ಹಾಕಿ. ಇನ್ನೊಂದು ತೊಂದರೆ: ಫ್ಯಾನಿನ ಒಳಗೂ ಅಯಸ್ಕಾಂತ ಇದೆ, ಅದರ ಧ್ರುವ ಯಾವ ಕಡೆ ಬಂತು ಅಂತ ನೋಡುವ ಸಣ್ಣ ಸೆನ್ಸರ್ ಇದೆ. ಮೇಲೆ ನಮ್ಮ ಗಟ್ಟಿ ಅಯಸ್ಕಾಂತ ಕೂತರೆ ಅದಕ್ಕೆ ತಲೆ ಕೆಡಬಹುದು, ಫ್ಯಾನ್ ಹೊರಡೋದೇ ಇಲ್ಲ. ನಡುವೆ ಒಂದು ದೊಡ್ಡ ಕಬ್ಬಿಣದ ವಾಷರ್ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತೆ. ಹಾರ್ಡ್ ಡಿಸ್ಕಿನ ಪಟ್ಟಿ ಬಿಡಿಸದೆ ಇದ್ದರೆ ಅದೇ ವಾಷರ್ ಕೆಲಸ ಮಾಡುತ್ತೆ.

ಇನ್ನು ಡಬ್ಬಿ. ನಾನು ಬಳಸಿದ ಮೊದಲ ಡಬ್ಬಿ, ನಿಮ್ಮೆಲ್ಲರ ಮನೆಯಲ್ಲೂ ಇರೋ ಆ ನೀಲಿ ಬಣ್ಣದ ಬಟರ್ ಬಿಸ್ಕತ್ತಿನ ದುಂಡು ಡಬ್ಬಿ. ಒಳಗೆ ಸೂಜಿ ದಾರ ಇಟ್ಟಿರ್ತೀರಲ್ಲ, ಅದೇ. ತುಂಬಾ ಚೆನ್ನಾಗಿ ಕೂತಿತು. ಮುಚ್ಚಳ ಹಾಕಿದ ತಕ್ಷಣ ಟಪ್ ಅಂತ ಸದ್ದು. ತಗಡಿನ ಮುಚ್ಚಳಕ್ಕೆ ಅಯಸ್ಕಾಂತ ಅಂಟಿಕೊಂಡು ಫ್ಯಾನ್ ಎಕ್ಕುಟ್ಟಿಹೋಗಿತ್ತು! ಎಂಜಿನಿಯರಿಂಗ್ ಓದಿದವನು ನಾನು, ಇದನ್ನು ಹೆಂಡತಿಗೆ ಮೂರು ದಿನ ಹೇಳಲಿಲ್ಲ. ಮೇಲಿನ ಹಲಗೆ ಮರದ್ದಾಗಲಿ, ಪ್ಲಾಸ್ಟಿಕ್ಕಿನದಾಗಲಿ, ಆದಷ್ಟು ತೆಳ್ಳಗಿರಲಿ. ಅಲ್ಯೂಮಿನಿಯಂ ಅಂಟುವುದಿಲ್ಲ ಸರಿ, ಆದರೆ ತಿರುಗುವ ಅಯಸ್ಕಾಂತಕ್ಕೆ ಅದು ಬ್ರೇಕ್ ಹಾಕುತ್ತೆ. ಇಲ್ಲಿನ ಹವ್ಯಾಸಿಗಳಿಗೆ ಸಿಗಾರ್ ಬರುವ ಮರದ ಡಬ್ಬಿ ಅಂದರೆ ಪ್ರೀತಿ, ಯಾಕೆ ಅಂತ ನನಗೆ ಆಗ ಗೊತ್ತಾಯಿತು.

ಕರೆಂಟಿಗೆ ಹಳೇ ರೌಟರಿನ 12 ವೋಲ್ಟ್ ಅಡಾಪ್ಟರ್ ಸಾಕು. ಗೋಡೆಯ ಕರೆಂಟನ್ನು ಡಬ್ಬಿಯೊಳಗೆ ತರಬೇಡಿ, ಪಕ್ಕದಲ್ಲೇ ನೀರು ಚೆಲ್ಲುವ ಕೆಲಸ ಇದು. ವೇಗ ಕಡಿಮೆ ಮಾಡೋಕೆ ನಾನು ಮೊದಲು ರೇಡಿಯೋ ವಾಲ್ಯೂಮಿಗೆ ಹಾಕುವಂಥ ಪುಟ್ಟ ಗುಂಡಿಯನ್ನು ನೇರ ಫ್ಯಾನಿನ ವೈರಿಗೆ ಸೇರಿಸಿದೆ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ. ಆ ಗುಂಡಿ ಅಷ್ಟು ಕರೆಂಟ್ ತಡೆಯಲ್ಲ. ಎಲ್‌ಎಂ317 ಅಂತ ವೋಲ್ಟೇಜ್ ಹೆಚ್ಚು ಕಮ್ಮಿ ಮಾಡುವ ಮೂರು ಕಾಲಿನ ಐಸಿ ಸಿಗುತ್ತೆ, ಭಾರ ಅದು ಹೊರುತ್ತೆ, ಗುಂಡಿ ಬರೀ ಅದಕ್ಕೆ ಸನ್ನೆ ಮಾಡುತ್ತೆ. ಸೋಲ್ಡರಿಂಗ್ ಬೇಡ ಅನ್ನುವವರಿಗೆ ರೆಡಿ ಸ್ಪೀಡ್ ಕಂಟ್ರೋಲರ್‌ಗಳೂ ಇವೆ.

ಬಳಸೋ ರೀತಿ ಬೇಗ ಹೇಳಿಬಿಡ್ತೀನಿ. ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್, ಅಂದರೆ ವರ್ಟನ್ನೇ ಒಣಗಿಸಿ ಮಾಡಿದ ಪುಡಿ. ಹತ್ತು ನಿಮಿಷ ಕುದಿಸಿ. ಹಾಲಿಗಿಂತ ಮೋಸಗಾರ ಇದು, ಕಣ್ಣು ಆಚೆ ಹೋದರೆ ಒಲೆಯ ಮೇಲೆ ಉಕ್ಕಿ ಅಂಟು ಅಂಟು. ಕುದಿಯುತ್ತಿರುವಾಗ ಕಡ್ಡಿ ಹಾಕಲೇಬೇಡಿ, ಒಂದೇ ಸಲಕ್ಕೆ ಬುಸ್ ಅಂತ ಮೇಲೇಳುತ್ತೆ. ಮೊದಲೇ ಹಾಕಿ ಕುದಿಸಿ. ಪೂರ್ತಿ ಆರಿದ ಮೇಲೆ ಯೀಸ್ಟ್ ಬಿಡಿ. ಬಾಯಿಗೆ ಬಿಗಿ ಮುಚ್ಚಳ ಬೇಡ, ಫಾಯಿಲ್ ಹಾಳೆ ಸಡಿಲವಾಗಿ ಮುಚ್ಚಿ. ಧೂಳು ಬೀಳಬಾರದು, ಗಾಳಿ ಆಡಬೇಕು.

ವೇಗದ ವಿಷಯದಲ್ಲಿ ನನಗೂ ನನ್ನ ಗೆಳೆಯರಿಗೂ ಜಗಳ ಇದೆ. ಅವರಿಗೆ ಸುಳಿ ತಳ ಮುಟ್ಟಬೇಕು, ಫೋಟೋ ಚೆನ್ನಾಗಿ ಬರುತ್ತೆ. ನನ್ನ ಪ್ರಕಾರ ಮೇಲೆ ಒಂದು ಸಣ್ಣ ಗುಳಿ ಬಿದ್ದರೆ ಸಾಕು, ಯೀಸ್ಟ್ ತಳಕ್ಕೆ ಕೂರದಿದ್ದರೆ ಸಾಕು. ವೇಗ ಜಾಸ್ತಿ ಮಾಡಿದಷ್ಟೂ ಕಡ್ಡಿ ಹಿಡಿತ ತಪ್ಪಿ ಆಚೆ ಹಾರುತ್ತೆ. ಕೇಳಿ, ಈಗ ಗುಂಡಿ ಪೂರ್ತಿ ತಿರುಗಿಸುತ್ತೇನೆ. ಟಕಟಕಟಕ ಅಂತು ನೋಡಿ. ರಾತ್ರಿ ಎರಡು ಗಂಟೆಗೆ ಈ ಸದ್ದು ಬಂದರೆ ಎದ್ದು ಬರಬೇಕು. ತಳ ಮಧ್ಯದಲ್ಲಿ ಉಬ್ಬಿದ ಗಾಜಿನ ಜಾಡಿಯಾದರೆ ಇನ್ನೂ ಬೇಗ ಜಾರುತ್ತೆ.

ಒಂದೂವರೆ ದಿನದಲ್ಲಿ ತಿಳಿ ಕಂದು ನೀರು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬರುತ್ತೆ. ಆಗ ಫ್ರಿಡ್ಜಲ್ಲಿಟ್ಟರೆ ಯೀಸ್ಟ್ ತಳದಲ್ಲಿ ಗಂಧದ ಹಾಗೆ ಕೂರುತ್ತೆ. ಮೇಲಿನ ತಿಳಿ ಚೆಲ್ಲಿಬಿಡಿ. ಅಷ್ಟು ಗಾಳಿ ಕುಡಿದ ಬಿಯರ್ ರುಚಿ ಚೆನ್ನಾಗಿರಲ್ಲ, ನೋಡಿದ್ದೀನಿ. ಕೆಳಗಿನದ್ದು ವರ್ಟಿಗೆ.

ಇದು ಇಲ್ಲದಿದ್ದರೆ ಬಿಯರ್ ಆಗಲ್ವಾ ಅಂದರೆ, ಆಗುತ್ತೆ. ಒಣ ಯೀಸ್ಟ್ ಪೊಟ್ಟಣಕ್ಕೆ ಸ್ಟಾರ್ಟರೇ ಬೇಡ, ತಯಾರಿಸುವವರು ಅದಕ್ಕೆ ಬೇಕಾದ ಜಿಡ್ಡನ್ನು ಮೊದಲೇ ತುಂಬಿಸಿ ಒಣಗಿಸಿರ್ತಾರೆ. ಇನ್ನು ಕೆಲವರು ದೊಡ್ಡ ಜಾಡಿಯಲ್ಲಿ ಸ್ವಲ್ಪ ವರ್ಟ್ ಹಾಕಿ, ಬರೀ ನೊರೆಯಾಗುವ ತನಕ ಕೈಯಲ್ಲೇ ಕುಲುಕಿ ಇಟ್ಟುಬಿಡ್ತಾರೆ. ಅವರ ಬಿಯರೂ ನನ್ನದಕ್ಕಿಂತ ಕಮ್ಮಿ ಏನಿಲ್ಲ. ನಾನಂತೂ ಇದನ್ನು ಬಿಡಲ್ಲ. ಬೆಳಿಗ್ಗೆ ಎದ್ದು ಬಂದಾಗ ಅಡುಗೆಮನೆಯ ಮೂಲೆಯಲ್ಲಿ ಅದು ತಿರುಗ್ತಾ ಇರೋದನ್ನು ನೋಡೋದೇ ಒಂದು ಖುಷಿ. ಅಮ್ಮನೂ ಇಲ್ಲಿದ್ದ ಮೂರು ತಿಂಗಳಲ್ಲಿ ದಿನಾ ಒಂದು ಸಲ ಅದರ ಮುಂದೆ ನಿಂತು ನೋಡುತ್ತಿದ್ದರು. ಒಂದು ದಿನ ಅದರಲ್ಲಿ ಮಜ್ಜಿಗೆ ಹಾಕಿಯೂ ನೋಡಿದರು. ಮಜ್ಜಿಗೆ ಮಂದ, ಕಡ್ಡಿ ಒದ್ದಾಡಿ ನಿಂತುಹೋಯಿತು. "ನಮ್ಮ ಕಡೆಗೋಲೇ ವಾಸಿ" ಅಂದರು.

ಸರಿ, ಮಕ್ಕಳು ಮೊದಲು ಬನ್ನಿ. ಇಲ್ಲಿ ಎರಡು ಫ್ಯಾನ್, ಟೇಪ್, ಪುಟ್ಟ ಬಿಲ್ಲೆ ಅಯಸ್ಕಾಂತಗಳಿವೆ, ನೀವೇ ನಡುವೆ ಕೂರಿಸಿ ನೋಡಿ. ಹಾರ್ಡ್ ಡಿಸ್ಕಿನ ಆ ದೊಡ್ಡ ತುಂಡನ್ನು ಮಾತ್ರ ನಾನೇ ಎತ್ತಿ ಕೊಡುತ್ತೇನೆ. ಪೇಸ್‌ಮೇಕರ್ ಇರುವ ಹಿರಿಯರು ದಯವಿಟ್ಟು ಮೇಜಿನ ಹತ್ತಿರ ಬರಬೇಡಿ, ಅಲ್ಲಿಂದಲೇ ನೋಡಿ. ಯಾರ ಬಳಿಯಾದರೂ ಆ ನೀಲಿ ಬಿಸ್ಕತ್ತಿನ ಡಬ್ಬಿ ಇದ್ದರೆ ತನ್ನಿ, ಆ ಟಪ್ ಸದ್ದನ್ನೂ ಕೇಳಿಸ್ತೀನಿ.